ಕುರಿಯೋ, ಬಾಟಲಿಯೋ?

ಯಜಮಾನರಿಗೆ ಸಿಟ್ಟು ಬಂದಿತ್ತು. ಇದೇನೂ ದೊಡ್ಡ ಸುದ್ದಿಯಲ್ಲ. ಅವರಿಗೆ ಸಿಟ್ಟು ಬಾರದ ದಿನವೊಂದಿದ್ದರೆ ಅದನ್ನು ಹೇಳಬೇಕು. ಬೀದಿಯ ತಿರುವಿನಲ್ಲಿ ಬನಿಯನ್ ಅಂಗಡಿ ಇಟ್ಟುಕೊಂಡಿರುವ ಅವರನ್ನು ಗಿರಾಕಿಗಳೂ ಅಕ್ಕಪಕ್ಕದವರೂ 'ಯಜಮಾನ್ರೇ' ಎಂದೇ ಕರೆಯುತ್ತಾರೆ. (ಮನೆಯೊಳಗೆ ಆ ಹುದ್ದೆ ಇನ್ನೂ ಖಾಲಿ ಇದೆ. ಅವರ ಅಮ್ಮ ಮತ್ತು ಹೆಂಡತಿ ಇಬ್ಬರೂ ಅರ್ಜಿ ಹಾಕಿದ್ದಾರೆ.) ಗಿರಾಕಿ ಬಣ್ಣ ಕೇಳಿದರೆ ಸಿಟ್ಟು, ಅಳತೆ ಕೇಳಿದರೆ ಸಿಟ್ಟು, ಏನೂ ಕೇಳದೆ ಹೊರಟುಹೋದರೆ ಇನ್ನೂ ಸಿಟ್ಟು. ಆದರೆ ಈಗ ಬಂದಿದ್ದ ಸಿಟ್ಟು ದಿನಬಳಕೆಯದಲ್ಲ. ಹೋದ ಚಳಿಗಾಲದಿಂದ ಬೂದಿ ಮುಚ್ಚಿದ ಕೆಂಡದಂತೆ ಜೋಪಾನ ಮಾಡಿಕೊಂಡು ಬಂದದ್ದು.

ಕಾರಣ ಒಂದು ಫೋಟೋ. ಅದು ಹೆಂಡತಿಯ ತಮ್ಮನ ಮನೆಯಲ್ಲಿ, ಸೋಫಾದ ಮೇಲೆ ಕೂತವರ ಕಣ್ಣಿಗೆ ನೇರವಾಗಿ ಚುಚ್ಚುವಂತೆ ತೂಗಾಡುತ್ತಿತ್ತು. ಊರಿಗೆ ಹತ್ತಿರದ, ಚಳಿಗಾಲದಲ್ಲಿ ಹಿಮ ಮುಚ್ಚುವ ಬೆಟ್ಟದ ನೆತ್ತಿ. ಅದರ ಮೇಲೆ 'ಬೆಟ್ಟದ ಬಳಗ'ದ ಸದಸ್ಯರೆಲ್ಲ ಹಲ್ಲು ಕಿರಿದುಕೊಂಡು ನಿಂತಿದ್ದರು, ಯಜಮಾನರೊಬ್ಬರನ್ನು ಬಿಟ್ಟು.

"ನೀವೂ ಇದೀರಲ್ಲ ಭಾವ, ಸರಿಯಾಗಿ ನೋಡಿ," ಎಂದು ಭಾವಮೈದ ಬಂದ ನೆಂಟರೆದುರೆಲ್ಲ ಬೆರಳಿಟ್ಟು ತೋರಿಸುತ್ತಿದ್ದ. "ಅಗೋ, ಕೆಳಗಡೆ ಮೂಲೇಲಿ ಸಣ್ಣಗೆ ಹೊಗೆ ಏಳ್ತಿದೆ. ನೀವು ಹಚ್ಚಿದ ಒಲೇದು. ಅದು ನೀವೇ!"

ಈ ಭಾವಮೈದ ಲಿಫ್ಟ್ ರಿಪೇರಿ ಮಾಡುವವನು. ಊರಿನವರಿಗೆಲ್ಲ ಮೆಟ್ಟಿಲು ಹತ್ತುವುದನ್ನು ಮರೆಸಿ, ತಾನು ಮಾತ್ರ ರಜೆ ಬಂದರೆ ಬೆಟ್ಟ ಹತ್ತುವ ಮಹಾತ್ಮ. ಅವನ ಮಾತಿಗೆ ನೆಂಟರು ನಕ್ಕಾಗೆಲ್ಲ ಯಜಮಾನರ ಕಿವಿ ಕೆಂಪಾಗುತ್ತಿತ್ತು. ಮುಂದಿನ ಸಲ ಆ ನೆತ್ತಿಯ ಮೇಲೆ, ಸಾಲಿನ ನಟ್ಟನಡುವೆ, ತಾನು ನಿಲ್ಲದಿದ್ದರೆ ಈ ಮನೆಯ ಕಾಫಿ ಮುಟ್ಟುವುದಿಲ್ಲ ಎಂದು ಅವರು ಶಪಥ ಮಾಡಿದ್ದರು. (ಕಾಫಿ ಕುಡಿದಾದ ಮೇಲೆ.)

ಹೋದ ವರ್ಷ ಅವರನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿದವರು ಬಳಗದ ಮುಖಂಡರು, ದೊಡ್ಡಾಸ್ಪತ್ರೆಯಲ್ಲಿ ಮುಖ್ಯ ನರ್ಸ್ ಆಗಿರುವ ಹೆಂಗಸು. ಎಲ್ಲರಿಗೂ ಅವರು ಸಿಸ್ಟರ್. ಬೆಟ್ಟದ ಅರ್ಧಕ್ಕೆ ಒಂದು ಕಲ್ಲಿನ ತಂಗುಮನೆ ಇದೆ. ಅಲ್ಲಿಗೆ ತಲುಪಿದ ಕೂಡಲೇ ಸಿಸ್ಟರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಹಿಂದಿನಿಂದ ಕೊರಳಪಟ್ಟಿಯೊಳಗೆ ಎರಡು ಬೆರಳು ತೂರಿಸುತ್ತಾರೆ. ಬೆರಳಿಗೆ ಒಣ ತಾಗಿದರೆ ಮೇಲೆ, ಒದ್ದೆ ತಾಗಿದರೆ ಅಲ್ಲೇ ಕೂತು ಸೂಪು ಕುದಿಸಬೇಕು. ಮೇಲ್ಮನವಿ ಇಲ್ಲ.

"ಒದ್ದೆ," ಎಂದಿದ್ದರು ಸಿಸ್ಟರ್. "ಹತ್ತಿ ಬೆವರನ್ನೆಲ್ಲ ಕುಡಿದು ಕೂತಿದೆ. ಮೇಲೆ ಗಾಳಿಗೆ ಹೋದ್ರೆ ಮೈಮೇಲೆ ಮಂಜುಗಡ್ಡೆ ಕಟ್ಕೊಂಡ ಹಾಗೆ. ಮುಂದಿನ ಸಲ ಹತ್ತಿ ಬೇಡ. ನಡುವೆ ಉಣ್ಣೇದೋ ಫ್ಲೀಸೋ ಒಂದು ಪದರ ಇರ್ಲಿ, ಮೇಲೆ ಗಾಳಿ ತಡೆಯೋ ಜಾಕೆಟ್."

ಎಂಥ ಮಾತು! ಹತ್ತಿ ಬೇಡವಂತೆ! ಹತ್ತಿಯಿಂದಲೇ ಅನ್ನ ತಿಂದವರ ಮುಂದೆ, ನಾಲ್ಕು ಜನರೆದುರು! ಯಜಮಾನರು ಮೊದಲನೆಯ ಮಾತು ಕೇಳಿ ಸಿಟ್ಟಾದರು, ಆ ಸಿಟ್ಟಿನಲ್ಲೇ ಎರಡನೆಯ ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ಮನೆಗೆ ಬಂದವರೇ ಅಂದು ತೊಟ್ಟಿದ್ದ ದಪ್ಪ ಹತ್ತಿಯ ಅಂಗಿಯನ್ನು ಒರೆಸುವ ಬಟ್ಟೆಗೆ ಹಾಕಿ, "ನಡುವಿನ ಪದರ! ಎಲ್ಲಾ ಇರೋದು ನಡುವಿನ ಪದರದಲ್ಲಿ!" ಎಂದು ಘೋಷಿಸಿದರು. ಅವತ್ತಿನಿಂದ ಆ ಮನೆಯಲ್ಲಿ ಬೇರೆ ಮಾತಿಲ್ಲ.

ಅವರ ಅಮ್ಮ ಅಂದೇ ಸೂಜಿ ಹಿಡಿದರು.

"ಉಣ್ಣೆ ಅಂದ್ಮೇಲೆ ಯೋಚ್ನೆ ಏನೋ? ನೆನೆದ್ರೂ ಬೆಚ್ಚಗಿರುತ್ತೆ. ಕುರಿ ಮಳೇಲಿ ನಿಂತು ಯಾವತ್ತಾದ್ರೂ ಸೀನಿದ್ದು ಕೇಳಿದೀಯಾ?"

ಚಳಿಗಾಲ ಬರುವಷ್ಟರಲ್ಲಿ ಸ್ವೆಟರ್ ಸಿದ್ಧವಾಯಿತು. ಕಡುನೀಲಿ ಬಣ್ಣ, ಬೆನ್ನ ತುಂಬ ಒಂದು ದೊಡ್ಡ ಹಳದಿ ನಕ್ಷತ್ರ. ಮಗ ಇನ್ನೂ ಬೆಳೆಯುತ್ತಾನೆಂಬ ನಂಬಿಕೆಯಲ್ಲಿ ಹೆಣೆದದ್ದರಿಂದ ಅದರೊಳಗೆ ಯಜಮಾನರ ಜೊತೆ ಇನ್ನೊಬ್ಬ ಬಾಡಿಗೆದಾರನೂ ಇರಬಹುದಿತ್ತು. ತೂಕವಂತೂ ಕುರಿಯೇ ಬೆನ್ನೇರಿದಷ್ಟು.

ಅಷ್ಟರಲ್ಲಿ ಭಾವಮೈದ ಒಂದು ಪೊಟ್ಟಣ ಕಳುಹಿಸಿದ. ಒಳಗೆ ಗಿಳಿಹಸಿರು ಬಣ್ಣದ ಫ್ಲೀಸ್ ಅಂಗಿ, ಅದರ ಕೆಳಗೆ ತೆಳ್ಳನೆಯ, ಉದ್ದ ತೋಳಿನ, ಕಪ್ಪಗಿನ ಒಂದು ಒಳ ಅಂಗಿ. ಹೆಂಡತಿ ಫ್ಲೀಸನ್ನು ಕೆನ್ನೆಗೆ ಒತ್ತಿಕೊಂಡಳು.

"ಎಷ್ಟು ಹಗುರ ನೋಡ್ರೀ! ಒದ್ದೆಯಾದ್ರೂ ಕೊಡವಿದ್ರೆ ಸಾಕು, ಒಣಗುತ್ತಂತೆ. ಹಳೇ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಮಾಡ್ತಾರಂತೆ."

"ಅಂದ್ರೆ ಕಸದ ತೊಟ್ಟಿ ಹೊದ್ದುಕೊಂಡು ಹೋಗು ಅಂತಾನೆ ನಿನ್ನ ತಮ್ಮ!"

"ಕುರಿ ಬೆನ್ನಿಂದ ಬಂದ್ರೆ ಮರ್ಯಾದೆ, ಬಾಟಲಿಯಿಂದ ಬಂದ್ರೆ ಕಸಾನಾ? ಅತ್ತೆ ಹೆಣೆದಿದ್ದು ಒಮ್ಮೆ ನೆನೆದ್ರೆ ಮುಂದಿನ ವರ್ಷಕ್ಕೇ ಒಣಗೋದು."

"ಕೇಳಿಸ್ತು ಕಣಮ್ಮ," ಎಂದು ಒಳಕೋಣೆಯಿಂದ ದನಿ ಬಂತು. "ನಿನ್ನ ತಮ್ಮನ ಜರಡಿ ಅಂಗಿಯೊಳಗೆ ಗಾಳಿ ಈ ಕಡೆಯಿಂದ ನುಗ್ಗಿ ಆ ಕಡೆಯಿಂದ ಹೋಗುತ್ತೆ. ಅದನ್ನೂ ಹೇಳು."

"ಅದಕ್ಕೇ ಅಲ್ವಾ ಅತ್ತೆ ಮೇಲೆ ಜಾಕೆಟ್ ಹಾಕೋದು?"

ಆ ಕಪ್ಪು ಒಳ ಅಂಗಿಯ ಗತಿಯನ್ನೂ ಹೇಳಿಬಿಡಬೇಕು. ಯಜಮಾನರು ಅದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ನೋಡುವಂತೆ ನೋಡಿದರು. "ಬನಿಯನ್ ಅಂಗಡಿಯವನಿಗೆ ಒಳಉಡುಪು ಕಳಿಸ್ತಾನಾ? ನನಗೆ? ಸೊಕ್ಕು ನೋಡು ಅವನದ್ದು!" ಎಂದು ಬೀರುವಿನ ಮೂಲೆಗೆ ಎಸೆದರು. ಆಮೇಲೆ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಹೀಗೆ ಅತ್ತ ದರಿ, ಇತ್ತ ಪುಲಿ. ಉಣ್ಣೆ ತೊಟ್ಟರೆ ಹೆಂಡತಿಯ ತವರಿಗೆ ಅವಮಾನ, ಫ್ಲೀಸ್ ತೊಟ್ಟರೆ ಹೆತ್ತವಳಿಗೆ ದ್ರೋಹ. ಹತ್ತಿಯ ವ್ಯಾಪಾರಿ ಕುರಿಗೂ ಬಾಟಲಿಗೂ ನಡುವೆ ಪಂಚಾಯ್ತಿ ಮಾಡಬೇಕಾದ ಕಾಲ ಬಂತಲ್ಲ ಎಂದು ಅವರಿಗೆ ಎಲ್ಲಿಲ್ಲದ ರೋಷ. ಕೊನೆಗೆ ಬೆಟ್ಟಕ್ಕೆ ಹೊರಡುವ ಹಿಂದಿನ ಭಾನುವಾರ ಟೇಬಲ್ ಗುದ್ದಿ ಹೇಳಿದರು:

"ಬಾಯಿ ಮುಚ್ಚಿ ಇಬ್ರೂ! ಪರೀಕ್ಷೆ ಮಾಡ್ತೀನಿ. ಬಟ್ಟೆ ತಾನೇ ಬಾಯಿ ಬಿಟ್ಟು ಹೇಳ್ಲಿ!"

ಪರೀಕ್ಷೆಯ ಕ್ರಮ ಹೀಗಿತ್ತು. ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿಗಳಲ್ಲಿ ಕುದಿಯುವ ನೀರು ತುಂಬಿ ಮುಚ್ಚಳ ಹಾಕುವುದು. ಒಂದಕ್ಕೆ ಸ್ವೆಟರ್ ಸುತ್ತುವುದು, ಇನ್ನೊಂದಕ್ಕೆ ಫ್ಲೀಸ್. ಎರಡನ್ನೂ ಗಾಳಿ ಬೀಸುವ ಬಾಲ್ಕನಿಯಲ್ಲಿಟ್ಟು, ಆಗಾಗ ಬೆರಳದ್ದಿ ನೋಡುವುದು. ಯಾವುದು ಮೊದಲು ತಣ್ಣಗಾಗುತ್ತದೋ ಅದಕ್ಕೆ ಸೋಲು. ಥರ್ಮಾಮೀಟರ್ ಯಾಕಿಲ್ಲ ಎಂದು ಕೇಳಬೇಡಿ. ಬಟ್ಟೆ ಮುಟ್ಟಿ ದಾರದ ಎಳೆ ಹೇಳುವ ಬೆರಳು ನನ್ನದು, ನನಗೆ ಗಾಜಿನ ಕಡ್ಡಿ ಬೇಕಾ ಎಂದು ಅವರು ಆಗಲೇ ಒಮ್ಮೆ ರೇಗಿಯಾಗಿತ್ತು.

ಮೊದಲ ಸಲ ನೋಡಿದಾಗ ಎರಡೂ ಹದವಾಗಿ ಆರಿದ್ದವು. ಮುಖದಲ್ಲಿ ವಿಜ್ಞಾನಿಯ ಗಾಂಭೀರ್ಯ ತಂದುಕೊಂಡು ಯಜಮಾನರು ಒಳಗೆ ಹೋಗಿ ಪೇಪರು ಓದಿದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದು ಉಣ್ಣೆಯ ಡಬ್ಬಿಗೆ ಬಲಗೈ ಬೆರಳನ್ನು ಅದ್ದಿದರು.

"ಅಯ್ಯಯ್ಯಪ್ಪಾ!"

ನೀರು ಕೊತಕೊತ ಬಿಸಿ! ಬೆರಳು ಬಾಯಿಗೆ ಹೋಯಿತು, ಆದರೆ ಬುದ್ಧಿ ಓಡುತ್ತಿತ್ತು. ಉಣ್ಣೆ ಬಿಸಿಯನ್ನು ಉಳಿಸುವುದಷ್ಟೇ ಅಲ್ಲ, ಹುಟ್ಟಿಸುತ್ತದೆ! ಜಗತ್ತಿಗೆ ತಿಳಿಯದ ಸತ್ಯ ಈ ಬಾಲ್ಕನಿಯಲ್ಲಿ ಬಯಲಾಗಿದೆ! ಹಾಗಾದರೆ ಫ್ಲೀಸಿನ ಗತಿ ಇನ್ನೇನಿರುತ್ತದೆ ಎಂಬ ತಾತ್ಸಾರದಲ್ಲಿ ಎಡಗೈಯ ಎರಡು ಬೆರಳುಗಳನ್ನು ಒಟ್ಟಿಗೇ ಇನ್ನೊಂದು ಡಬ್ಬಿಗೆ ಮುಳುಗಿಸಿದರು.

ಈ ಸಲದ ಕೂಗಿಗೆ ಪಕ್ಕದ ಮನೆಯ ಬ್ಯಾಂಕಿನವರು ತಮ್ಮ ಬಾಲ್ಕನಿಗೆ ಓಡಿಬಂದರು.

"ಏನಾಯ್ತು ಯಜಮಾನ್ರೇ?"

"ಏನಿಲ್ಲ! ಬೆಟ್ಟ ಹತ್ತೋಕೆ ತಯಾರಿ!"

ಕೂಗಿಕೊಂಡೇ ಒಳಗೆ ನುಗ್ಗಿದವರಿಗೆ ಅಡಿಗೆಮನೆಯಲ್ಲಿ ಕಂಡದ್ದು ಎರಡು ಒಲೆಯ ಮೇಲೆ ಎರಡು ಪಾತ್ರೆ, ಎರಡರಲ್ಲೂ ಆವಿಯಾಡುವ ನೀರು. ಒಂದರ ಪಕ್ಕ ಅಮ್ಮ, ಇನ್ನೊಂದರ ಪಕ್ಕ ಹೆಂಡತಿ. ಇಬ್ಬರೂ ಒಬ್ಬರ ಪಾತ್ರೆಯನ್ನು ಒಬ್ಬರು ನೋಡುತ್ತ, ಬೆಕ್ಕಿಗೆ ಎದುರಾದ ಬೆಕ್ಕಿನ ಹಾಗೆ ನಿಂತಿದ್ದರು.

"ನಾನೇನೂ ಮಾಡ್ಲಿಲ್ಲಪ್ಪ," ಅಂದರು ಅಮ್ಮ. "ಆರಿಹೋಗಿತ್ತು, ಸ್ವಲ್ಪ ಬಿಸಿನೀರು ಬದಲಾಯಿಸ್ದೆ. ಇಡೀ ವರ್ಷ ಕಣ್ಣು ನೋಯಿಸ್ಕೊಂಡು ಹೆಣೆದಿದ್ದು, ಬಾಟಲಿ ಮುಂದೆ ಸೋಲ್ಬೇಕಾ?"

"ಅತ್ತೆ ಬಾಲ್ಕನಿ ಕಡೆ ಹೋಗಿದ್ದು ನೋಡ್ದೆ," ಅಂದಳು ಹೆಂಡತಿ. "ಅವರು ಒಂದು ಸಲ ಬದಲಾಯಿಸಿದ್ರು, ನಾನೂ ಒಂದೇ ಸಲ ಬದಲಾಯಿಸ್ದೆ. ಅನ್ಯಾಯ ಏನಿದೆ ಇದ್ರಲ್ಲಿ?"

"ನನ್ನ ಬೆರಳು!" ಎಂದು ಗರ್ಜಿಸಿದರು ಯಜಮಾನರು. "ಮೂರು ಬೆರಳು ಬೆಂದಿದೆ ಇಲ್ಲಿ!"

"ಒಂದು ಬೆರಳು ಸಾಕಿತ್ತಲ್ಲ, ಮೂರು ಯಾಕೆ ಹಾಕಿದ್ರಿ?" ಎಂದಳು ಹೆಂಡತಿ. ಅಪರೂಪಕ್ಕೆ ಅತ್ತೆ ಸೊಸೆಯ ಮಾತಿಗೆ ತಲೆಯಾಡಿಸಿದರು. ಯಜಮಾನರಿಗೆ ಇದು ಎಲ್ಲಕ್ಕಿಂತ ದೊಡ್ಡ ದ್ರೋಹವೆನಿಸಿತು.

"ಎರಡೂ ಹಾಕ್ಕೊಂಡು ಹೋಗ್ತೀನಿ! ಒಂದರ ಮೇಲೊಂದು! ತೃಪ್ತಿನಾ ಇಬ್ರಿಗೂ?"

ಹೊರಡುವ ಬೆಳಿಗ್ಗೆ ಅವರು ಹೇಳಿದಂತೆಯೇ ಮಾಡಿದರು. ಸ್ನಾನ ಮುಗಿಸಿ, ದಿನದಂತೆ ಅಂಗಡಿಯ ಹೊಸ ಬನಿಯನ್ ತೊಟ್ಟು, ಅದರ ಮೇಲೆ ಗಿಳಿಹಸಿರು ಫ್ಲೀಸ್, ಅದರ ಮೇಲೆ ನಕ್ಷತ್ರದ ಸ್ವೆಟರ್ ಏರಿಸಿದರು. ಮೆಟ್ಟಿಲಿಳಿಯುವಾಗ ಎದುರಾದ ಬ್ಯಾಂಕಿನವರು ಬೆನ್ನ ನಕ್ಷತ್ರ ನೋಡಿ, "ಭಾರೀ ಸ್ವೆಟರ್!" ಎಂದು ಹೊಗಳಿದರು. ಬೀದಿಗಿಳಿದ ಮೇಲೆ ಅದರ ಮೇಲೆ ಜಾಕೆಟ್. ಜಾಕೆಟ್ಟಿನ ಜಿಪ್ ಅಳುತ್ತಳುತ್ತ ಮೇಲೇರಿತು. ಹೆಂಡತಿಯೂ ಜೊತೆಗೆ ಹೊರಟಿದ್ದಳು, ತಂಗುಮನೆಯವರೆಗೆ. ಗಂಡ ನೆತ್ತಿಗೆ ಹೋದಾಗ ಒಲೆ ನೋಡಿಕೊಳ್ಳಲು ಯಾರಾದರೂ ಬೇಡವೇ?

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಹತ್ತಿರ ಹೋದ ಮೇಲೆ ಕಲ್ಲು, ಏರು, ಮತ್ತೆ ಏರು. ಬಿಸಿಲು ಬೇರೆ ಚೆನ್ನಾಗಿ ಬಂತು. ಉಳಿದವರೆಲ್ಲ ನಡೆಯುತ್ತಲೇ ಜಾಕೆಟ್ ಬಿಚ್ಚಿ ಚೀಲಕ್ಕೆ ತುರುಕಿದರು. ಯಜಮಾನರ ಮುಖ ಮಾತ್ರ ಕಾದ ಬಾಣಲೆಯಂತಾಗಿತ್ತು.

"ಭಾವ, ಒಂದಾದ್ರೂ ತೆಗೀರಿ," ಎಂದ ಭಾವಮೈದ. "ಬೆವರ್ತಿದೀರ."

"ಇದು ಬೆವರಲ್ಲ!"

"ಮತ್ತೇನು?"

"ನನ್ನಿಷ್ಟ!"

ಭಾವಮೈದ ಹೇಳದೇ ಇದ್ದಿದ್ದರೆ ಬಹುಶಃ ಅವರೇ ಒಂದನ್ನು ತೆಗೆಯುತ್ತಿದ್ದರು. ಹೇಳಿಬಿಟ್ಟನಲ್ಲ, ಇನ್ನು ತೆಗೆಯುವುದು ಹೇಗೆ? ಅವರು ಜಿಪ್ಪನ್ನು ಗದ್ದದವರೆಗೆ ಎಳೆದುಕೊಂಡು ಎಲ್ಲರಿಗಿಂತ ಮುಂದೆ ನಡೆದರು, ಮನಸ್ಸಿನಲ್ಲಿ ಫೋಟೋಗೆ ಬೇಕಾದ ನಗುವನ್ನು ಅಭ್ಯಾಸ ಮಾಡುತ್ತ.

ತಂಗುಮನೆಯ ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತರು. ಸಿಸ್ಟರ್ ಬೆರಳು ತೂರಿಸುತ್ತ ಬಂದರು. ಒಣ. ಒಣ. ಒಣ. ಯಜಮಾನರ ಹಿಂದೆ ಬಂದು ಎರಡು ಬೆರಳು ಇಳಿಸಿದರು. ಬೆರಳು ಅಲ್ಲೇ ನಿಂತಿತು.

"ಒದ್ದೆ."

"ಸಾಧ್ಯವೇ ಇಲ್ಲ! ಉಣ್ಣೇನೂ ಇದೆ, ಫ್ಲೀಸೂ ಇದೆ! ನೀವು ಒಂದು ಕೇಳಿದ್ರಿ, ನಾನು ಎರಡು ತಂದಿದೀನಿ!"

"ಬಿಚ್ಚಿ."

ಜಾಕೆಟ್ ಹೋಯಿತು. ಸ್ವೆಟರ್ ಹೋಯಿತು. ಫ್ಲೀಸ್ ಹೋಯಿತು. ಒಳಗಿನಿಂದ, ಮೈಗೆ ಒದ್ದೆ ಕಾಗದದಂತೆ ಅಂಟಿಕೊಂಡು, ಹಿಂಡಿದರೆ ಅರ್ಧ ಬಕೆಟ್ ನೀರು ಬರುವ ಹಾಗೆ ಒಂದು ಬಿಳಿಯ ವಸ್ತು ಪ್ರತ್ಯಕ್ಷವಾಯಿತು.

"ಇದೇನು?"

"ಇದಾ? ಇದು ಬನಿಯನ್."

"ಯಾವುದರದ್ದು?"

"ನೂರಕ್ಕೆ ನೂರು ಹತ್ತಿ ಮೇಡಂ!" ಎಂದುಬಿಟ್ಟರು ಯಜಮಾನರು, ಅಂಗಡಿಯ ಗಲ್ಲಾದ ಹಿಂದೆ ನಿಂತಾಗ ಹೇಳುವ ಅದೇ ಧಾಟಿಯಲ್ಲಿ, ಎದೆ ಮುಂದೆ ಮಾಡಿ. "ಕಲಬೆರಕೆ ಮಾತೇ ಇಲ್ಲ!"

ಭಾವಮೈದ ಬೆನ್ನು ತಿರುಗಿಸಿ ನಿಂತ. ಅವನ ಭುಜ ಕುಲುಕುತ್ತಿತ್ತು.

"ಹೋದ ವರ್ಷ ಏನು ಹೇಳಿದ್ದೆ?" ಎಂದರು ಸಿಸ್ಟರ್. "ಹತ್ತಿ ಬೇಡ ಅಂದಿದ್ನೋ ಇಲ್ವೋ?"

"ಅದಕ್ಕೇ ಹತ್ತಿ ಬಟ್ಟೆ ಹಾಕ್ಲಿಲ್ಲ ಅಲ್ವಾ? ಇದು... ಇದು ಬನಿಯನ್ ಅಷ್ಟೇ!"

ಅವರು ಸುಳ್ಳು ಹೇಳುತ್ತಿರಲಿಲ್ಲ. ಬನಿಯನ್ ಅವರ ಲೆಕ್ಕದಲ್ಲಿ ಬಟ್ಟೆಯೇ ಆಗಿರಲಿಲ್ಲ, ಅದು ಚರ್ಮ. ವರ್ಷವಿಡೀ ನಡುವಿನ ಪದರಕ್ಕಾಗಿ ಹೊಡೆದಾಡಿದ ಮನುಷ್ಯ ಅದು ಯಾವುದರ ನಡುವೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಅದನ್ನ ಬಿಚ್ಚಿ, ಕಂಬಳಿ ಹೊದ್ದು ಒಳಗೆ ಕೂತ್ಕೊಳ್ಳಿ," ಎಂದು ಸಿಸ್ಟರ್ ಯಜಮಾನರ ಕತೆ ಮುಗಿಸಿ, ಅಭ್ಯಾಸಬಲದಿಂದ ಪಕ್ಕದಲ್ಲಿದ್ದ ಹೆಂಡತಿಯ ಕೊರಳಪಟ್ಟಿಗೂ ಬೆರಳು ತೂರಿಸಿದರು. ಹುಬ್ಬೇರಿತು. "ಒಣ! ಒಳಗೇನು ಹಾಕಿದೀರಿ?"

"ಬೀರು ಮೂಲೇಲಿ ಬಿದ್ದಿತ್ತು," ಅಂದಳು ಹೆಂಡತಿ ಮೆಲ್ಲಗೆ. "ಕಪ್ಪಗಿಂದು. ನನ್ನ ತಮ್ಮ ಕಳಿಸಿದ್ದು. ವೇಸ್ಟ್ ಆಗುತ್ತಲ್ಲ ಅಂತ..."

"ಬೆವರು ಹಿಡಿದಿಟ್ಟುಕೊಳ್ಳದ ಬಟ್ಟೆ, ಅದೇ ಬೇಕಿದ್ದು," ಎಂದರು ಸಿಸ್ಟರ್. "ಆ ಫ್ಲೀಸ್ ಕೊಡವಿ ಬಿಸಿಲಿಗೆ ಹರಡಿ, ಒಣಗಿದ ಮೇಲೆ ಹಾಕ್ಕೊಳ್ಳಿ. ಸ್ವೆಟರ್ ಚೀಲದಲ್ಲಿಟ್ಕೊಳ್ಳಿ. ನಡೆಯುವಾಗ ಫ್ಲೀಸ್, ಮೇಲೆ ಹೋಗಿ ನಿಂತಾಗ ಸ್ವೆಟರ್. ಹೊರಡಿ ನಮ್ಮ ಜೊತೆ."

ವರ್ಷಪೂರ್ತಿ ನಡೆದ ಕುರಿ-ಬಾಟಲಿ ಯುದ್ಧವನ್ನು ಆ ಹೆಂಗಸು ಒಂದೇ ಉಸಿರಿನಲ್ಲಿ ತೀರಿಸಿಬಿಟ್ಟರು. ಯಜಮಾನರಿಗೆ ಅದಕ್ಕೂ ಸಿಟ್ಟು ಬಂತು.

ಎಲ್ಲರೂ ಬಿಸಿ ಚಹಾ ಕುಡಿದು ಏಳುವಷ್ಟರಲ್ಲಿ ಫ್ಲೀಸ್ ನಿಜವಾಗಿಯೂ ಒಣಗಿತ್ತು. ಹೆಂಡತಿ ಗಂಡನ ಮುಖ ನೋಡಿದಳು. "ಹೋಗ್ಲಾ ರೀ?"

ಬೇಡ ಅನ್ನಬೇಕೆಂದು ಅವರಿಗೆ ಬಲವಾಗಿ ಅನಿಸಿತು. ಆದರೆ ಅವಳ ಕಣ್ಣು ಆಗಲೇ ಬೆಟ್ಟ ಹತ್ತಿಬಿಟ್ಟಿತ್ತು. ಇಷ್ಟು ವರ್ಷದಲ್ಲಿ ನೀನೂ ಬರ್ತೀಯಾ ಎಂದು ಅವಳನ್ನು ಒಮ್ಮೆಯೂ ಕೇಳಿಲ್ಲವೆಂಬುದು ಅವರಿಗೆ ಆಗ ಹೊಳೆಯಿತು. "ಹೋಗು! ಹೋಗು! ನನ್ನನ್ನೇನು ಕೇಳ್ತೀಯ!" ಎಂದು ಕಿರುಚಿದರು. ಇನ್ನೊಂದು ಸಲ ಕೇಳುತ್ತಾಳೆ ಅಂದುಕೊಂಡಿದ್ದರು. ಅವಳು ಕೇಳಲಿಲ್ಲ, ಹೋದಳು.

ತಂಗುಮನೆಯೊಳಗೆ ಕಂಬಳಿ ಸುತ್ತಿಕೊಂಡು ಕೂತ ಯಜಮಾನರ ಎದುರಿಗೆ ಒಲೆ, ಸೌದೆ, ಸೂಪಿನ ಪಾತ್ರೆ. ಹಲ್ಲು ಕಟಕಟಿಸುತ್ತಿತ್ತು. ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಲು ಹೋದವರಿಗೆ ಹಳೆಯ ಫೋಟೋ ನೆನಪಾಯಿತು. ಹೊಗೆ! ಮತ್ತೆ ಅದೇ ಹೊಗೆ! ಮತ್ತೆ ಆ ಲಿಫ್ಟಿನವನು ನೆಂಟರಿಗೆಲ್ಲ ಬೆರಳಿಟ್ಟು ತೋರಿಸುವುದು! "ಹಚ್ಚಲ್ಲ ಕಣೋ!" ಎಂದು ಖಾಲಿ ಕೋಣೆಗೆ ಕೂಗಿ ಹೇಳಿ ಪೊಟ್ಟಣವನ್ನು ಮೂಲೆಗೆಸೆದರು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು. ಆದರೂ ಚಳಿಗೆ ನೀಲಿಗಟ್ಟಿದ ಮೂಗನ್ನು ಕಂಬಳಿಯಲ್ಲಿ ಹುದುಗಿಸಿಕೊಂಡು, ಮೇಲಿನವರು ಇಳಿದು ಬರುವವರೆಗೂ ಹಟ ಬಿಡದೆ ಕೂತಿದ್ದರು.

ಅವರೆಲ್ಲ ಇಳಿದು ಬಂದಾಗ ಸೂಪಿರಲಿಲ್ಲ, ಬೆಂಕಿಯಿರಲಿಲ್ಲ. ಸಿಕ್ಕಿದ್ದು ಕಂಬಳಿಯೊಳಗಿನಿಂದ ಬಂದ ಒಂದು ಸೀನು ಮಾತ್ರ. ಬಳಗದವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ವಾರದ ಮೇಲೆ ಫೋಟೋ ಬಂತು. ಭಾವಮೈದ ಅಕ್ಕನಿಗೆಂದೇ ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ ತಂದಿದ್ದ. ನೆತ್ತಿಯ ಮೇಲೆ ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಸಾಲಿನ ನಟ್ಟನಡುವೆ ಒಬ್ಬರು ಮಾತ್ರ ಟೋಪಿ ಹಾಕಿದ ತಲೆ ಬಗ್ಗಿಸಿ, ಬೆನ್ನು ತಿರುಗಿಸಿ ಕೆಳಗೆ ನೋಡುತ್ತಿದ್ದಾರೆ. ಜಾಕೆಟ್ಟಿನ ಮೇಲೆಯೇ ಎಳೆದುಕೊಂಡ ದೊಗಲೆ ಸ್ವೆಟರ್, ಬೆನ್ನ ತುಂಬ ಹಳದಿ ನಕ್ಷತ್ರ.

"ಎಲ್ಲಾ ನಿಮ್ಮಿಂದ!" ಎಂದು ಹೆಂಡತಿ ರೇಗಿದಳು. "ಮೇಲಿಂದ ನೋಡ್ತೀನಿ, ಹೊಗೆ ಇಲ್ಲ. ಹೋದ ವರ್ಷ ಇತ್ತು, ಈ ವರ್ಷ ಇಲ್ಲ. ಏನಾಗಿಹೋಯ್ತೋ ಏನೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಹುಡುಕ್ತಿದ್ದೆ. ಅಷ್ಟರಲ್ಲಿ ಕ್ಲಿಕ್ ಅನ್ನಿಸ್ಬಿಟ್ರು. ಜೀವನದಲ್ಲಿ ಒಂದೇ ಒಂದು ಸಲ ಹತ್ತಿದ್ದು, ನನ್ನ ಮುಖಾನೇ ಬಂದಿಲ್ಲ!"

ಯಜಮಾನರು ಬೈಯಲು ಬಾಯಿ ತೆರೆದರು, ಸೀನು ಬಂತು.

"ಬೆನ್ನು ಎಷ್ಟು ಚೆನ್ನಾಗಿ ಬಂದಿದೆ ನೋಡು," ಎಂದು ಅಮ್ಮ ಕನ್ನಡಕ ಏರಿಸಿ ನೋಡಿ, ತಾವೇ ಮುಂದೆ ನಿಂತು ಫೋಟೋವನ್ನು ನಡುಮನೆಯ ಗೋಡೆಗೆ ಮೊಳೆ ಹೊಡೆಸಿ ತೂಗುಹಾಕಿಸಿದರು.

ಅದನ್ನು ಮೊದಲು ನೋಡಿದವರು ಪಕ್ಕದ ಮನೆಯ ಬ್ಯಾಂಕಿನವರು. ನಕ್ಷತ್ರ ಕಂಡದ್ದೇ ಅವರ ಮುಖ ಅರಳಿತು.

"ಆಹಾ ಯಜಮಾನ್ರೇ! ಕೊನೆಗೂ ಹತ್ತೇಬಿಟ್ರಲ್ಲ! ಅದೂ ಮಧ್ಯದಲ್ಲೇ ನಿಂತಿದೀರಿ!"

ಯಜಮಾನರು ಒಮ್ಮೆ ಅಡಿಗೆಮನೆಯ ಕಡೆ ನೋಡಿದರು. ಸದ್ದಿಲ್ಲ. ಗಂಟಲು ಸರಿಪಡಿಸಿಕೊಂಡು, ಮೀಸೆಯ ಮೇಲೆ ಕೈಯಿಟ್ಟು, "ಹೂಂ, ಏನೋ..." ಎಂದು ಶುರು ಮಾಡಿದರು.

"ಅದು ನಾನು!" ಎಂದು ಅಡಿಗೆಮನೆಯಿಂದ ಬಂತು.

"ಸ್ವೆಟರ್ ನಂದು!" ಎಂದು ಒಳಕೋಣೆಯಿಂದ ಬಂತು.

"ಒಳಗಿರೋ ಫ್ಲೀಸು, ಅದರೊಳಗಿಂದು, ಎರಡೂ ನನ್ನ ತಮ್ಮಂದು!" ಎಂದು ಮತ್ತೆ ಅಡಿಗೆಮನೆಯಿಂದ ಬಂತು.

ಬ್ಯಾಂಕಿನವರು ಪಾಪ, ಲೆಕ್ಕ ತಾಳೆಯಾಗದೆ ಫೋಟೋವನ್ನೂ ಯಜಮಾನರನ್ನೂ ನೋಡಿದರು. "ಹಾಗಾದ್ರೆ... ಇದರಲ್ಲಿ ನೀವೆಲ್ಲಿದೀರಿ?"

ಯಜಮಾನರ ಕಿವಿ ಕೆಂಪಾಯಿತು. ದಡಕ್ಕನೆ ಎದ್ದು ಹೋಗಿ, ಫೋಟೋದ ಕೆಳಗಿನ ಮೂಲೆಯಲ್ಲಿ ಬರೀ ಕಲ್ಲು ಹಿಮ ಕಾಣುವ ಜಾಗಕ್ಕೆ, ಇನ್ನೂ ಬೊಬ್ಬೆ ಆರದ ಬೆರಳನ್ನು ಕುಟ್ಟಿ ತೋರಿಸಿದರು.

"ಇಲ್ಲಿ ಹೊಗೆ ಇಲ್ವಲ್ಲ, ಕಾಣ್ತಾ? ಅದು ನಾನು!"